ಕೆರೆ ಮೀನಿಗೆ ಗಾಳ ಹಾಕೋದು ಹೇಗೆ? ಮೊದ್ಲು ಮೀನಿನ ಬಾಯಿ ನೋಡಿ

ಆನ್‌ಲೈನಲ್ಲಿ ಎರಡು ಮೂರು ಸಾವಿರ ಸುರಿದು ರೀಲ್ ಇರೋ ರಾಡ್ ತರಿಸ್ಕೊಂಡು, ಭಾನುವಾರ ಬೆಳಗ್ಗೆ ಏರಿ ಮೇಲೆ ನಿಂತು ದೂರಕ್ಕೆ ಎಸೆದು ಎಸೆದು ಭುಜ ನೋಯಿಸ್ಕೊಂಡು ಖಾಲಿ ಚೀಲದಲ್ಲಿ ವಾಪಸ್ ಹೋಗೋರು ಹಾಸನ, ಮಂಡ್ಯ, ತುಮಕೂರು ಕಡೆ ಯಾವ ಕೆರೆಗೆ ಹೋದ್ರೂ ಸಿಗ್ತಾರೆ. ಅಲ್ಲೇ ನಾಲ್ಕು ಹೆಜ್ಜೆ ಆಚೆ ಊರಿನ ಹುಡುಗ ಒಂದು ಬಿದಿರು ಕಡ್ಡಿ, ಎರಡು ಮಾರು ತಂಗೂಸಿ (ನೈಲಾನ್) ದಾರ ಇಟ್ಕೊಂಡು ಜಿಲೇಬಿ ಮೀನಿನ ಮೇಲೆ ಜಿಲೇಬಿ ಮೀನು ಎತ್ತಿ ಹಾಕ್ತಿರ್ತಾನೆ. ಅವನ ಅದೃಷ್ಟ ಏನಲ್ಲ ಅದು. ತಾನು ಯಾವ ಮೀನಿಗೆ ಕೂತಿದೀನಿ, ಅದು ಎಷ್ಟು ಆಳದಲ್ಲಿ ಮೇಯತ್ತೆ ಅನ್ನೋದು ಅವನಿಗೆ ಗೊತ್ತು, ರಾಡಿನವರಿಗೆ ಗೊತ್ತಿಲ್ಲ, ಅಷ್ಟೇ.

ಗಾಳ ಕಟ್ಟೋಕೆ ಮುಂಚೆ ಕೇಳಿ

ಕೆರೆ ಊರಿಂದು, ಮೀನು ಮಾತ್ರ ಬೇರೆಯವರದ್ದು ಆಗಿರತ್ತೆ. ಗ್ರಾಮ ಪಂಚಾಯ್ತಿನೋ ಮೀನುಗಾರಿಕೆ ಇಲಾಖೆನೋ ಕೆರೆನ ಗುತ್ತಿಗೆಗೆ ಕೊಟ್ಟಿರತ್ತೆ, ತಗೊಂಡವರು ದುಡ್ಡು ಹಾಕಿ ಮರಿ ಬಿಟ್ಟಿರ್ತಾರೆ. ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಮಳೆಗಾಲದಲ್ಲಿ ಹರಿಯೋ ನೀರಲ್ಲಿ ಮೊಟ್ಟೆ ಇಡೋ ಜಾತಿ, ನಿಂತ ಕೆರೆ ನೀರಲ್ಲಿ ಮರಿ ಮಾಡಲ್ಲ, ಹಾಗಾಗಿ ಕೆರೆಲಿ ಸಿಗೋ ಒಂದೊಂದು ಕಾಟ್ಲಾನೂ ಹೆಚ್ಚುಕಮ್ಮಿ ಯಾರೋ ಕಾಸು ಕೊಟ್ಟು ಬಿಟ್ಟಿದ್ದೇ. ಹೇಳದೆ ಕೇಳದೆ ಎತ್ಕೊಂಡು ಹೋದ್ರೆ ಜಗಳ ಆಗತ್ತೆ, ಆಗ್ಲೂಬೇಕು. ತೂಬಿನ ಹತ್ರ ತೆಪ್ಪ ಕಟ್ಟಿರೋ ಜಾಗದಲ್ಲಿ ಯಾರಾದ್ರೂ ಇರ್ತಾರೆ, ಕೇಳಿ. ಜಿಲೇಬಿಗೆ ಅಂದ್ರೆ ಸಾಮಾನ್ಯವಾಗಿ ಬೇಡ ಅನ್ನಲ್ಲ. 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯಾನೇ ಈ ಜಿಲೇಬಿ, ಹೆಣ್ಣು ಮೀನು ಮೊಟ್ಟೆನೂ ಮರಿನೂ ಬಾಯಲ್ಲೇ ಇಟ್ಕೊಂಡು ಕಾಯತ್ತೆ, ಅದಕ್ಕೇ ಬೇಡ ಅಂದ್ರೂ ಕೆರೆ ತುಂಬ ಆಗೋಗತ್ತೆ, ಗುತ್ತಿಗೆದಾರರ ಕಾಟ್ಲಾ ಮೇವನ್ನೂ ಅದೇ ತಿನ್ನತ್ತೆ. ನೀವು ಹಿಡಿದ್ರೆ ಅವ್ರಿಗೂ ಒಳ್ಳೇದೇ.

ಬಾಯಿ ಎಲ್ಲಿದೆಯೋ ಮೇವು ಅಲ್ಲಿ

ಸಂತೆಲಿ ಮೀನು ತಗೊಳ್ಳುವಾಗ ಒಂದ್ಸಲ ಬಾಯಿ ಗಮನಿಸಿ. ಕಾಟ್ಲಾ ಬಾಯಿ ಮೇಲ್ಮುಖ, ದೊಡ್ಡ ತಲೆ, ಅದು ಮೇಲ್ಗಡೆ ನೀರಲ್ಲೇ ಮೇಯೋದು. ರೋಹು ನಡುನೀರಿಂದು. ಮೃಗಾಲ್, ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಇವೆಲ್ಲ ತಳದಲ್ಲಿ ಕೆಸರು ಕೆದಕೋ ಗಿರಾಕಿಗಳು, ಗೆಂಡೆಗೆ ಬಾಯಿ ಪಕ್ಕ ಮೀಸೆನೂ ಇರತ್ತೆ. ಜಿಲೇಬಿ ದಡದ ಹತ್ರ ಮೊಣಕಾಲುದ್ದ ನೀರಲ್ಲೂ ಇರತ್ತೆ, ಅದನ್ನ ಹುಡುಕ್ಕೊಂಡು ಐವತ್ತಡಿ ಆಚೆ ಎಸೆಯೋದು ಸುಮ್ನೆ ವೇಸ್ಟ್. ಇಷ್ಟು ತಲೇಲಿದ್ರೆ ಬೆಂಡು, ಅಂದ್ರೆ ದಾರಕ್ಕೆ ಕಟ್ಟೋ ತೇಲೋ ಚೂರು, ಎಷ್ಟು ಮೇಲೆ ಕಟ್ಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ.

ಸಾಮಾನು

ಎಂಟು ಹತ್ತಡಿ ಬಿದಿರು ಕಡ್ಡಿ ಸಾಕು, ತುದಿ ಸ್ವಲ್ಪ ಬಾಗೋ ಥರದ್ದು. ತಂಗೂಸಿ ಜಿಲೇಬಿಗೆ 0.25 ಮಿಲಿಮೀಟರ್, ಗೆಂಡೆ ಬರೋ ಜಾಗ ಆದ್ರೆ 0.35. ಗಾಳದ ನಂಬರ್ ಹೆಚ್ಚಾದಷ್ಟೂ ಗಾತ್ರ ಚಿಕ್ಕದು, ಅಂಗಡಿಲಿ ಇದೇ ಕನ್ಫ್ಯೂಸ್ ಆಗೋದು. ಜಿಲೇಬಿ ಬಾಯಿ ಚಿಕ್ಕದು, 10ನೇ ನಂಬರ್ ಆಸುಪಾಸು ತಗೊಳ್ಳಿ. ಬೆಂಡಿಗೆ ಒಣಗಿದ ಜೋಳದ ದಂಟಿನ ತಿರುಳು, ಇಲ್ಲ ಹಳೇ ಹವಾಯಿ ಚಪ್ಪಲಿಯಿಂದ ಕೊಯ್ದ ಚೂರು.

ಗಂಟು ಹಾಕುವಾಗ ಒಂದು ವಿಷ್ಯ ಬಹಳ ಜನ ಬಿಡ್ತಾರೆ. ದಾರನ ಗಾಳದ ಕಣ್ಣಿಗೆ ಪೋಣಿಸಿ, ಅದೇ ದಾರದ ಮೇಲೆ ಐದಾರು ಸುತ್ತು ಸುತ್ತಿ, ತುದಿನ ಕಣ್ಣಿನ ಪಕ್ಕದ ಸಂದಿಗೆ ತೂರಿಸಿ, ಎಳೆಯೋ ಮುಂಚೆ ಬಾಯಲ್ಲಿಟ್ಟು ಒದ್ದೆ ಮಾಡಿ. ಒಣ ತಂಗೂಸಿನ ಸರ್ರಂತ ಎಳೆದ್ರೆ ಉಜ್ಜಿ ಬಿಸಿಯಾಗಿ ಆ ಜಾಗದಲ್ಲೇ ಸೊರಗತ್ತೆ, ಆಮೇಲೆ ದೊಡ್ಡ ಮೀನು ಬಿದ್ದಾಗ ಗಂಟಲ್ಲೇ ಕಿತ್ಕೊಂಡು ಹೋಗತ್ತೆ. ಗಾಳದಿಂದ ಗೇಣುದ್ದ ಮೇಲೆ ಸಣ್ಣ ಸೀಸದ ಗುಂಡು ಕಚ್ಚಿಸಿ, ಬೆಂಡು ಮುಕ್ಕಾಲು ಭಾಗ ಮುಳುಗಿ ತುದಿ ಮಾತ್ರ ಕಾಣೋ ಹಾಗೆ. ಬೆಂಡು ಪೂರ್ತಿ ಮೇಲೆ ತೇಲ್ತಿದ್ರೆ ಮೀನಿಗೆ ಎಳೆಯುವಾಗ ಭಾರ ಗೊತ್ತಾಗಿ ಉಗಿದುಬಿಡತ್ತೆ.

ಜಾಗ ಮತ್ತು ಆಳ

ಇದಕ್ಕೆ ಅರ್ಧ ಗಂಟೆ ಹೋದ್ರೂ ಪರವಾಗಿಲ್ಲ. ಜೊಂಡು, ತಾವರೆ ಮುಗಿದು ಬರೀ ನೀರು ಶುರುವಾಗೋ ಅಂಚು, ಹಳ್ಳ ಕೆರೆಗೆ ಸೇರೋ ಬಾಯಿ, ತೂಬಿನ ಕಲ್ಲುಕಟ್ಟಡದ ಪಕ್ಕ ಇವು ಒಳ್ಳೆ ಜಾಗ. ಗಾಳಿ ಬೀಸ್ತಿದ್ರೆ ಅಲೆ ಬಂದು ಹೊಡೆಯೋ ದಡಕ್ಕೇ ಹೋಗಿ ಕೂತ್ಕೊಳ್ಳಿ, ತೇಲೋ ಹುಳ ಹುಪ್ಪಟೆ ಎಲ್ಲ ಆ ಕಡೆಗೇ ತಳ್ಕೊಂಡು ಬಂದಿರತ್ತೆ, ಮುಖಕ್ಕೆ ಗಾಳಿ ಅಂತ ಎಲ್ರೂ ಆಚೆ ದಡಕ್ಕೆ ಹೋಗ್ತಾರೆ, ತಪ್ಪು ಅದು.

ಇನ್ನೊಂದು, ಮೋಡ ಮುಸುಕಿದ ಬೆಳಗ್ಗೆ ನೂರಾರು ಮೀನು ನೀರಿನ ಮೇಲೆ ಬಂದು ಬಾಯಿ ಬಡೀತಿದ್ರೆ ಭಾರಿ ಹಸಿವು ಅಂದ್ಕೊಂಡು ಕುಣಿಬೇಡಿ. ರಾತ್ರಿಯೆಲ್ಲ ಪಾಚಿ, ಕಳೆ ಕೂಡ ಉಸಿರಾಡಿ ನೀರಲ್ಲಿರೋ ಆಕ್ಸಿಜನ್ ಖಾಲಿ ಮಾಡಿರತ್ತೆ, ಅವು ಉಸಿರಿಗೆ ಒದ್ದಾಡ್ತಿರೋದು, ಗಾಳದ ಕಡೆ ತಿರುಗಿಯೂ ನೋಡಲ್ಲ. ಬಿಸಿಲು ಬಂದು ಒಂದೆರಡು ಗಂಟೆ ಆಗ್ಲಿ.

ಆಳ ಅಳೆಯೋಕೆ ಗಾಳಕ್ಕೆ ಒಂದು ದಪ್ಪ ಸೀಸ ಸಿಗಿಸಿ ಬಿಡಿ. ಬೆಂಡು ಮುಳುಗಿಹೋದ್ರೆ ನೀರು ನೀವು ಅಂದ್ಕೊಂಡಿದ್ದಕ್ಕಿಂತ ಆಳ ಇದೆ, ಬೆಂಡು ಮೇಲೆ ಸರಿಸಿ. ಅಡ್ಡ ಮಲಗಿದ್ರೆ ದಾರ ಜಾಸ್ತಿ ಆಯ್ತು, ಕೆಳಗೆ ಸರಿಸಿ. ಬೆಂಡಿನ ತುದಿ ಸರಿಯಾಗಿ ನೀರಿನ ಮಟ್ಟದಲ್ಲಿ ನಿಂತ್ರೆ ಅದೇ ತಳ. ಗೆಂಡೆ, ಮೃಗಾಲ್‌ಗೆ ಅದೇ ಅಳತೆ, ರೋಹುಗೆ ಅದರಲ್ಲಿ ಅರ್ಧ, ಜಿಲೇಬಿಗೆ ತಳದಿಂದ ಒಂದು ಗೇಣು ಮೇಲೆ.

ಮೇವು

ಎರೆಹುಳು ಎಲ್ಲಾ ಮೀನಿಗೂ ಆಗತ್ತೆ, ತಿಪ್ಪೆ ಪಕ್ಕದ ತೇವದ ಮಣ್ಣಲ್ಲಿ ಸಿಗತ್ತೆ. ಅರ್ಧ ಇಂಚು ಚೂರು ಸಾಕು, ಉದ್ದ ನೇತಾಡಿದ್ರೆ ಪುಡಿ ಮೀನು ಕಚ್ಕೊಂಡು ಹೋಗ್ತವೆ. ಗೆಂಡೆ ಜಾತಿಗೆ ಹಿಟ್ಟು ಒಳ್ಳೇದು. ಕಡ್ಲೆಕಾಯಿ ಹಿಂಡಿ ಪುಡಿ, ಗೋಧಿಹಿಟ್ಟು, ಸ್ವಲ್ಪ ಬೆಲ್ಲದ ನೀರು ಹಾಕಿ ಗಟ್ಟಿಗೆ ನಾದಿ. ಬಿಸಿ ರಾಗಿಮುದ್ದೆ ಆದ್ರೂ ನಡೆಯತ್ತೆ, ತಣ್ಣಗಾದ್ಮೇಲೆ ಕೈಗೆ ಅಂಟದ ಹದಕ್ಕೆ ಬರ್ಬೇಕು. ಇದೇ ಹಿಂಡಿಗೆ ತೌಡು ಸೇರಿಸಿ ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಗಾಳ ಬೀಳೋ ಜಾಗಕ್ಕೇ ನಾಲ್ಕೈದು ಮೊದ್ಲೇ ಹಾಕಿಟ್ಟು ಟೀ ಕುಡಿದು ಬನ್ನಿ. ಜಾಸ್ತಿ ಹಾಕಿದ್ರೆ ಅದನ್ನೇ ತಿಂದು ಹೊಟ್ಟೆ ತುಂಬಿಸ್ಕೊಂಡು ಹೋಗ್ತವೆ.

ಬೆಂಡು ಹೇಳೋದನ್ನ ಕೇಳಿ

ಟುಕ್ ಟುಕ್ ಅಂತ ಕುಣಿದು ಆಮೇಲೆ ಅಡ್ಡಕ್ಕೆ ಓಡಿದ್ರೆ ಜಿಲೇಬಿ, ಓಡೋವಾಗ ಎತ್ತಿ. ಬೆಂಡು ಮುಳುಗೋ ಬದ್ಲು ಮೇಲಕ್ಕೆ ಎದ್ದು ಮಲಗಿದ್ರೆ ತಳದಲ್ಲಿ ಗೆಂಡೆ ಮೇವನ್ನ ಸೀಸದ ಸಮೇತ ಎತ್ತಿದೆ ಅಂತ, ತಕ್ಷಣ ಮಣಿಕಟ್ಟಲ್ಲೇ ಒಂದು ಎಳೆತ ಕೊಡಿ, ಇಡೀ ತೋಳು ಬೀಸೋದು ಬೇಡ. ಕೇಜಿ ಮೇಲಿನ ಗೆಂಡೆ ಬಿದ್ರೆ ಕಡ್ಡಿ ನೇರ ಮಾಡ್ಬೇಡಿ, ಬಾಗಿಸಿ ಇಟ್ಕೊಂಡು ಸುಸ್ತು ಮಾಡಿಸಿ ದಡಕ್ಕೆ ಎಳೀರಿ.

ಕುಚ್ಚು, ಕೊರಮೀನಿನ ಲೆಕ್ಕವೇ ಬೇರೆ. ಗಾಳಿ ಉಸಿರಾಡೋ ಮೀನು ಅದು, ಆಗಾಗ ಮೇಲೆ ಬರ್ಲೇಬೇಕು, ತಾವರೆ ಎಲೆ ಸಂದಿಲಿ ಬುಳಕ್ ಅಂದ ಜಾಗ ನೆನಪಿಟ್ಕೊಳ್ಳಿ. ರೀಲ್ ರಾಡ್ ಇದ್ರೆ ಇಲ್ಲಿ ಉಪಯೋಗಕ್ಕೆ ಬರತ್ತೆ, ರಬ್ಬರ್ ಕಪ್ಪೆನ ಎಲೆ ಮೇಲೆ ಎಸೆದು ಕುಪ್ಪಳಿಸ್ತಾ ಎಳೀರಿ. ಹೊಡೆದ ತಕ್ಷಣ ಎಳೆದ್ರೆ ಬರೀ ಕಪ್ಪೆ ಬರತ್ತೆ, ಬಾಯಿ ಮುಚ್ಚಿ ಕೆಳಗೆ ತಿರುಗೋಕೆ ಒಂದೆರಡು ಸೆಕೆಂಡ್ ಬಿಡಿ. ಆದ್ರೆ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದೀತಿರೋದು ಕಂಡ್ರೆ ಅಲ್ಲಿಂದ ಎದ್ದು ಹೋಗಿ. ಕೆಳಗೇ ಅಪ್ಪ ಅಮ್ಮ ಕಾಯ್ತಾ ಇರ್ತವೆ, ಏನು ಹತ್ರ ಬಂದ್ರೂ ಹೊಡೀತವೆ, ಹಿಡಿಯೋದು ಬಹಳ ಸುಲಭ, ಹಿಡಿದ್ರೆ ಆ ಮರಿಗಳನ್ನ ಬೇರೆ ಮೀನು ಮುಗಿಸ್ತವೆ. ಇದನ್ನ ಯೂಟ್ಯೂಬಲ್ಲಿ ಸಾಧನೆ ಅಂತ ಹಾಕೋರನ್ನ ಕಂಡ್ರೆ ನಂಗೆ ಮೈ ಉರಿಯತ್ತೆ.

ಹುಷಾರಾಗಿರಬೇಕಾದ್ದು

ಹೂಳೆತ್ತೋಕೆ, ಇಟ್ಟಿಗೆ ಮಣ್ಣಿಗೆ ಅಂತ ಜೆಸಿಬಿಲಿ ತೋಡಿದ ಗುಂಡಿಗಳು ಕೆರೆ ಅಂಗಳದ ತುಂಬ ಇರ್ತವೆ, ನೀರು ತುಂಬಿದ್ಮೇಲೆ ಮೇಲ್ನೋಟಕ್ಕೆ ಗೊತ್ತಾಗಲ್ಲ. ಸಿಕ್ಕಾಕೊಂಡ ಗಾಳ ಬಿಡಿಸೋಕೆ ಅಂತ ಇಳಿಬೇಡಿ, ಹತ್ತು ರೂಪಾಯಿ ಗಾಳ ಹೋದ್ರೆ ಹೋಗ್ಲಿ. ಕರೆಂಟ್ ತಂತಿ ಕೆಳಗೆ ಉದ್ದ ಕಡ್ಡಿ ಎತ್ಬೇಡಿ, ಕಾರ್ಬನ್ ರಾಡಂತೂ ಇನ್ನೂ ಡೇಂಜರ್. ಚೇಳು ಮೀನು ಬಿದ್ರೆ ಬರಿಗೈಲಿ ಹಿಡಿಬೇಡಿ, ಕಿವಿರಿನ ಹಿಂದಿನ ಎರಡೂ ಮುಳ್ಳಲ್ಲಿ ವಿಷ ಇರತ್ತೆ, ಇಕ್ಕಳದಲ್ಲಿ ಗಾಳ ಬಿಡಿಸಿ. ಚುಚ್ಚಿದ್ರೆ ತಡ್ಕೊಳ್ಳೋ ಅಷ್ಟು ಬಿಸಿ ನೀರಲ್ಲಿ ಕೈ ಅದ್ದಿಟ್ರೆ ಉರಿ ಇಳಿಯತ್ತೆ, ಊತ ಏರ್ತಾ ಇದ್ರೆ ಆಸ್ಪತ್ರೆಗೆ ಹೋಗಿ. ಇನ್ನು ತೋಟೆ (ಸಿಡಿಮದ್ದು) ಹಾಕೋದು, ವಿಷ ಹಾಕೋದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ, ಅದರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ.

ಮನೆಗೆ ತಂದ್ಮೇಲೆ

ಮೋರಿ ನೀರು ಸೇರೋ ಸಿಟಿ ಕೆರೆ ಮೀನು ತಿನ್ನೋ ಆಸೆ ಬಿಟ್ಬಿಡಿ. ಹಳ್ಳಿ ಕೆರೆದಾದ್ರೂ ಬೇಸಿಗೆಲಿ ನೀರು ಕಮ್ಮಿಯಾದಾಗ ಕೆಸರು ವಾಸನೆ ಬರತ್ತೆ. ಹೊಟ್ಟೆ ಒಳಗಿನ ಕಪ್ಪು ಪೊರೆನ ಪೂರ್ತಿ ಕೆರೆದು ತೆಗೀರಿ, ಕಿವಿರು ಕಿತ್ತು ಹಾಕಿ, ಕಲ್ಲುಪ್ಪು ಹಾಕಿ ಉಜ್ಜಿ ತೊಳೆದು ಹುಣಸೆ ನೀರಲ್ಲಿ ಇಪ್ಪತ್ತು ನಿಮಿಷ ಬಿಡಿ. ಚಿಕ್ಕ ಜಿಲೇಬಿಗಳನ್ನ ಎರಡೂ ಕಡೆ ಗೀರಿ ಫ್ರೈಗೆ ಹಾಕಿ, ಗೆಂಡೆಲಿ ಕವಲು ಮುಳ್ಳು ಜಾಸ್ತಿ, ಅದನ್ನ ದಪ್ಪ ತುಂಡು ಮಾಡಿ ಸಾರಿಗೇ ಇಟ್ಕೊಳ್ಳಿ.