ಕೈ ಜೋಮು ಹಿಡಿದರೆ ಹ್ಯಾಂಡಲ್ ನೋಡಿ

ಮಲ್ಪೆಯಿಂದ ಪಡುಕೆರೆ, ಮಟ್ಟು ಕಡೆಯಾಗಿ ಕಾಪುವಿಗೆ ಸೈಕಲ್ಲಿನಲ್ಲಿ ಹೋಗುವ ದಾರಿ ನನಗೆ ತುಂಬ ಇಷ್ಟ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಏರು ಅಂತ ಏನೂ ಇಲ್ಲ. ಆದರೆ ಅದೇ ದಾರಿಯಲ್ಲಿ ನನ್ನ ಕೈ ಜೋಮು ಹಿಡಿಯುತ್ತಿತ್ತು. ಮೊದಲು ಕಿರುಬೆರಳು, ಉಂಗುರ ಬೆರಳು. ಆಮೇಲೆ ಕುತ್ತಿಗೆ ನೋವು. ಮಣಿಪಾಲದ ಏರಿನಲ್ಲಿ ಆಗಾಗ ಎದ್ದು ನಿಂತು ತುಳಿಯುತ್ತೇವೆ, ಅಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಸಪಾಟು ರಸ್ತೆಯಲ್ಲಿ ಕೂತಲ್ಲೇ ಕೂತಿರುತ್ತೇವೆ ಅಲ್ವಾ, ಅಳತೆಯಲ್ಲಿ ಏನೇ ಹೆಚ್ಚುಕಡಿಮೆ ಇದ್ದರೂ ಮೈಗೆ ತಿಳಿಯುತ್ತದೆ.

ಆ ಎರಡು ಬೆರಳಿಗೆ ಹೋಗುವ ನರ ಅಂಗೈಯಲ್ಲಿ ಕಿರುಬೆರಳಿನ ಬದಿಗೆ ಹಾದು ಹೋಗುತ್ತದೆ. ಹ್ಯಾಂಡಲ್ ತಗ್ಗಾಗಿದ್ದರೆ ಅಥವಾ ದೂರ ಇದ್ದರೆ ಮೈಭಾರ ಮುಂದೆ ಬಿದ್ದು ಅಲ್ಲೇ ಒತ್ತುತ್ತದೆ. ದಪ್ಪ ಗ್ಲೌಸ್ ಹಾಕಿದರೆ ಸ್ವಲ್ಪ ತಡವಾಗಿ ಜೋಮು ಹಿಡಿಯಬಹುದು, ಅಷ್ಟೇ.

ನಾನು ಮೊದಲು ಮುಟ್ಟಿದ್ದು ಸೀಟನ್ನು. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗೆ ತುಳಿದಾಗ ಕಾಲು ನೆಟ್ಟಗಾಗಬೇಕು. ಅದು ನನ್ನ ಸೀಟಿನ ಎತ್ತರ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಜಾರಿ ಕೈ ಮೇಲೆ ಬೀಳುತ್ತದೆ, ಅದನ್ನು ಮಟ್ಟ ಮಾಡಿಕೊಂಡೆ. ಹ್ಯಾಂಡಲ್ ದೂರ ಆಯಿತು ಅಂತ ಸೀಟನ್ನೇ ಮುಂದೆ ತಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೀಟು ಇರುವುದು ಕಾಲಿನ ಲೆಕ್ಕಕ್ಕೆ. ಮುಂದೆ ತಳ್ಳಿದಷ್ಟೂ ಭಾರ ಕೈಗೇ ಹೋಗುತ್ತದೆ.

ಆಮೇಲೆ ಹ್ಯಾಂಡಲಿನ ಎತ್ತರ. ಮುಂದಿನ ಚಕ್ರ ಹಿಡಿಯುವ ಫೋರ್ಕಿನಿಂದ ಮೇಲೆ ಬರುವ ಕೊಳವೆಗೆ ಹ್ಯಾಂಡಲನ್ನು ಜೋಡಿಸುವ ತುಂಡೇ ಸ್ಟೆಮ್. ನನ್ನ ಸೈಕಲ್ಲಿನಲ್ಲಿ ಅದರ ಕೆಳಗೆ ಸ್ಪೇಸರ್ ಬಳೆಗಳಿರಲಿಲ್ಲ, ಎಲ್ಲ ಮೇಲೆಯೇ ಇದ್ದವು. ಸ್ಟೆಮ್ಮಿನ ಮೂತಿಯೂ ಕೆಳಮುಖವಾಗಿತ್ತು. ಸ್ಟೆಮ್ ಬಿಚ್ಚಿ ತಲೆಕೆಳಗಾಗಿ ತಿರುಗಿಸಿ ಹಾಕಿದರೆ ಅದೇ ಮೂತಿ ಮೇಲಾಗುತ್ತದೆ. 6 ಡಿಗ್ರಿಯ 100 ಮಿಲಿಮೀಟರ್ ಸ್ಟೆಮ್ ತಿರುಗಿಸಿದರೆ ಹ್ಯಾಂಡಲ್ ಸುಮಾರು 2 ಸೆಂಟಿಮೀಟರ್ ಮೇಲೆ ಬರುತ್ತದೆ, ಪೈಸೆ ಖರ್ಚಿಲ್ಲದೆ. ಫೋರ್ಕಿನ ಕೊಳವೆ ಹಿಂದಕ್ಕೆ ವಾಲಿರುವುದರಿಂದ ಇನ್ನೊಂದು ಲಾಭವೂ ಇದೆ. ಸ್ಪೇಸರ್ ಹಾಕಿ 10 ಮಿಲಿಮೀಟರ್ ಎತ್ತಿದರೆ ಹ್ಯಾಂಡಲ್ ಸುಮಾರು 3 ಮಿಲಿಮೀಟರ್ ನಮ್ಮ ಕಡೆಗೂ ಬರುತ್ತದೆ. ಹಾಗಾಗಿ ಎತ್ತರ ಮೊದಲು ಸರಿ ಮಾಡಿ, ಕೆಲವು ಸವಾರಿ ಮುಗಿಸಿ, ಆಮೇಲೆ ಹ್ಯಾಂಡಲ್ ಎಷ್ಟು ದೂರ ಇರಬೇಕು ಅಂತ ಯೋಚನೆ ಮಾಡುವುದು ಒಳ್ಳೆಯದು.

ಕೆಲಸ ಅಲೆನ್ ಕೀಯಲ್ಲೇ ಆಗುತ್ತದೆ, ಆದರೆ ಕ್ರಮ ತಪ್ಪಬಾರದು. ಸ್ಟೆಮ್ಮಿನ ಪಕ್ಕದ ಬೋಲ್ಟುಗಳನ್ನು ಸಡಿಲಿಸಿ, ಮೇಲಿನ ಮುಚ್ಚಳದ ಬೋಲ್ಟು ತೆಗೆದು, ಸ್ಪೇಸರ್ ಕೆಳಗೆ ಹಾಕಬೇಕು. ಮೇಲಿನ ಸ್ಪೇಸರ್ ಅಥವಾ ಸ್ಟೆಮ್ಮಿನ ಅಂಚಿಗಿಂತ ಕೊಳವೆ 2–3 ಮಿಲಿಮೀಟರ್ ತಗ್ಗಿರಬೇಕು. ಜೋಡಿಸುವಾಗ ಮುಚ್ಚಳದ ಬೋಲ್ಟು ಮೊದಲು. ಇದು ಹ್ಯಾಂಡಲನ್ನು ಹಿಡಿದಿಡುವ ಬೋಲ್ಟಲ್ಲ, ಒಳಗಿನ ಬೇರಿಂಗ್ ಅಲುಗಾಡದಷ್ಟು ಬಿಗಿ ಕೊಡುವಂಥದ್ದು. ತುಂಬ ಜನ ಇದನ್ನೇ ಶಕ್ತಿಮೀರಿ ತಿರುಗಿಸುತ್ತಾರೆ, ಆಗ ಹ್ಯಾಂಡಲ್ ತಿರುಗುವುದೇ ಭಾರವಾಗುತ್ತದೆ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅನ್ನಬಾರದು, ಹ್ಯಾಂಡಲ್ ಮಾತ್ರ ಸಲೀಸಾಗಿ ತಿರುಗಬೇಕು. ಹ್ಯಾಂಡಲನ್ನು ಚಕ್ರಕ್ಕೆ ನೇರ ಮಾಡಿ ಪಕ್ಕದ ಬೋಲ್ಟುಗಳನ್ನು ಕೊನೆಗೆ ಬಿಗಿಯಿರಿ. ಎಷ್ಟು ಬಿಗಿ ಅಂತ ಹೆಚ್ಚಿನ ಸ್ಟೆಮ್ ಮೇಲೆ ಬರೆದಿರುತ್ತದೆ, ನನ್ನದರಲ್ಲಿ 5 ನ್ಯೂಟನ್ ಮೀಟರ್.

ಎತ್ತಿದ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ಬ್ರೇಕ್ ಕೇಬಲ್ ಎಳೆಯುತ್ತದಾ ನೋಡಿ. ಎಳೆದರೆ ಉದ್ದದ ಕೇಬಲ್ ಬೇಕು. ಲಿವರುಗಳನ್ನೂ ಸ್ವಲ್ಪ ತಿರುಗಿಸಿ, ಮುಂಗೈ ಮಣಿಕಟ್ಟಿನಲ್ಲಿ ಬಾಗದೆ ನೇರವಾಗಿ ಬೆರಳು ತಲುಪುವ ಹಾಗೆ ಮಾಡಿದೆ. ಸಣ್ಣ ಕೆಲಸ, ಆದರೆ ಅರ್ಧ ಸುಖ ಇದರಲ್ಲೇ ಇತ್ತು.

ಇಷ್ಟಾದರೂ ಮೊಣಕೈ ಪೂರ್ತಿ ಚಾಚಿಯೇ ಇರುತ್ತಿತ್ತು. ಆಗ ಹ್ಯಾಂಡಲ್ ಹತ್ತಿರ ಬರಲಿ ಅಂತ ಗಿಡ್ಡದಾದ 80 ಮಿಲಿಮೀಟರ್ ಸ್ಟೆಮ್ ತಂದೆ. ತರುವ ಮೊದಲು ಹ್ಯಾಂಡಲ್ ಹಿಡಿಯುವ ಜಾಗದ ಅಳತೆ ನೋಡಿಕೊಳ್ಳಿ, 31.8 ಮತ್ತು 25.4 ಮಿಲಿಮೀಟರ್ ಎರಡೂ ಚಾಲ್ತಿಯಲ್ಲಿವೆ. ಈಗ ಮೊಣಕೈ ತುಸು ಬಾಗಿರುತ್ತದೆ, ರಸ್ತೆಯ ಹೊಂಡದ ಹೊಡೆತ ಭುಜಕ್ಕೆ ಏರುವುದಿಲ್ಲ. ಇದಕ್ಕಿಂತ ಮೇಲೆ ಎತ್ತಲು ಮಾತ್ರ ನನಗೆ ಮನಸ್ಸಿಲ್ಲ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದುರಾದರೆ ನೆಟ್ಟಗೆ ಕೂತವರ ಎದೆಗೆ ಹಾಯಿಗೆ ಬಡಿದ ಹಾಗೆ ಬಡಿಯುತ್ತದೆ, ಕಡಿದಾದ ಏರಿನಲ್ಲಿ ಮುಂದಿನ ಚಕ್ರವೂ ಹಗುರಾಗುತ್ತದೆ.

ಅಕ್ಕನ ಹಳೇ ಸೈಕಲ್ಲಿನದು ಬೇರೆ ಕಥೆ. ಅದರ ಸ್ಟೆಮ್ ಫೋರ್ಕಿನ ಕೊಳವೆಯೊಳಗೆ ಇಳಿದಿರುತ್ತದೆ. ಮೇಲಿನ ಬೋಲ್ಟು ಕೆಲವು ಸುತ್ತು ಸಡಿಲಿಸಿ, ಅದರ ತಲೆ ಮೇಲೆ ಮರದ ತುಂಡಿಟ್ಟು ತಟ್ಟಿದರೆ ಒಳಗಿನ ಬೆಣೆ ಬಿಡುತ್ತದೆ. ನಮ್ಮ ಉಪ್ಪುಗಾಳಿಗೆ, ಮಳೆಗೆ ಅದು ತುಕ್ಕು ಹಿಡಿದು ಅಂಟಿಕೊಂಡಿತ್ತು. "ಸುಮ್ನೆ ಬಿಡು ಮಾರಾಯ, ಮುರಿದೀತು" ಅಂದಳು ಅಕ್ಕ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ತಟ್ಟಿದಾಗ ಬಂತು. ಒಳಗೆ ಚೆನ್ನಾಗಿ ಗ್ರೀಸ್ ಸವರಿ ಎತ್ತಿ ಬಿಗಿದೆ. ಇಂಥ ಸ್ಟೆಮ್ಮಿನಲ್ಲಿ ಒಂದು ಗೆರೆ ಕೊರೆದಿರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಎತ್ತಲೇಬಾರದು, ಓಡುವಾಗ ಹ್ಯಾಂಡಲ್ ಕೈಗೆ ಬಂದೀತು. ಅಕ್ಕನಿಗೆ ಇನ್ನೂ ಎತ್ತರ ಬೇಕಿತ್ತು, ಹಾಗಾಗಿ ತುದಿಗಳು ಮೇಲೆದ್ದು ಹಿಂದಕ್ಕೆ ಬಾಗಿದ ಹ್ಯಾಂಡಲನ್ನೇ ಹಾಕಿಸಿದೆವು.