ಮರಳಿನ ಕೆಳಗೆ 71 ದಿನ

ನಾವಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮೂರು ವರ್ಷದ ಹಿಂದೆ ಬೇಸಿಗೆ ರಜೆಗೆ ವೈಲ್ಡ್‌ವುಡ್ ಬೀಚಿಗೆ ಹೋಗಿದ್ದೆವು. ಅಲ್ಲಿನ ಒಂದು ಅಂಗಡಿಯಲ್ಲಿ ಖಾಲಿ ಚಿಪ್ಪನ್ನು ಮನೆ ಮಾಡಿಕೊಂಡು ಹೊತ್ತು ತಿರುಗುವ ಸನ್ಯಾಸಿ ಏಡಿಗಳನ್ನು (ಹರ್ಮಿಟ್ ಕ್ರ್ಯಾಬ್) ನೋಡಿ ಮಗಳು ಹಟ ಹಿಡಿದಳು. ಎರಡು ಕೊಡಿಸಿದೆ. ಬಣ್ಣ ಬಳಿದ ಚಿಪ್ಪು, ತಂತಿಯ ಪುಟ್ಟ ಪಂಜರ, ಒಂದು ಸ್ಪಾಂಜು. ಇಷ್ಟಿದ್ದರೆ ಸಾಕು ಅಂದರು. ನಂಬಿದೆ.

ಅಷ್ಟು ಸಾಲುವುದಿಲ್ಲ. ಇವು ನೆಲದ ಮೇಲೆ ಓಡಾಡಿದರೂ ಉಸಿರಾಡುವುದು ಕಿವಿರಿನಿಂದಲೇ. ಕಿವಿರು ಒಣಗಬಾರದು. ಅದಕ್ಕೆ ಸುತ್ತಲಿನ ಗಾಳಿಯಲ್ಲಿ ಶೇ. 80ರಷ್ಟು ತೇವ ಬೇಕು. ಇಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿದರೆ ತುಟಿ ಒಡೆಯುವಷ್ಟು ಗಾಳಿ ಒಣಗುತ್ತದೆ. ತೆರೆದ ಪಂಜರದಲ್ಲಿ ಏಡಿ ವಾರಗಟ್ಟಲೆ ಉಸಿರುಗಟ್ಟಿ ಸಾಯುತ್ತದೆ. ನೀರಿನಿಂದ ತೆಗೆದ ಮೀನು ಒದ್ದಾಡುವುದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ.

ಇದೆಲ್ಲ ಗೊತ್ತಾಗುವ ಮೊದಲೇ ಒಂದನ್ನು ಕಳೆದುಕೊಂಡೆವು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮರಳು ಹಾಕಿ ಬಿಟ್ಟಿದ್ದೆ. ಒಂದು ಏಡಿ ಮರಳಿನೊಳಗೆ ಹೋಗಿದ್ದು ಎರಡು ವಾರವಾದರೂ ಮೇಲೆ ಬರಲಿಲ್ಲ. "ಅಮ್ಮಾ, ಸತ್ತುಹೋಯ್ತಾ?" ಅಂತ ಮಗಳು ದಿನಾ ಕೇಳುತ್ತಿದ್ದಳು. ಚಮಚದಿಂದ ಅಗೆದು ತೆಗೆದೆ. ಜೀವಂತವಾಗಿತ್ತು. ಮೈ ಮೆತ್ತಗೆ, ಬಿಳಿಚಿಕೊಂಡಿತ್ತು. ಹಾವಿನ ಹಾಗೆ ಏಡಿಯೂ ಪೊರೆ ಬಿಡುತ್ತದೆ. ಆ ಕಳಚಿದ ಪೊರೆಯನ್ನೇ ತಿಂದು ಹೊಸದನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಅದರ ನಡುವೆ ನಾನು ಕೈ ಹಾಕಿದ್ದೆ. ಎರಡು ದಿನದಲ್ಲಿ ಸತ್ತಿತು. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಉಳಿದ ಒಂದಕ್ಕಾಗಿ 20 ಗ್ಯಾಲನ್‌ನ ಹಳೆಯ ಗಾಜಿನ ತೊಟ್ಟಿ ತಂದೆ. ಐದು ಪಾಲು ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ. ರವೆ ಉಂಡೆ ಕಟ್ಟುವ ಹದಕ್ಕೆ ಒದ್ದೆ ಮಾಡಿದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ನೀರು ಒಸರಬಾರದು. ಎಂಟು ಇಂಚು ಆಳ ತುಂಬಿದೆ. ಆರಕ್ಕಿಂತ ಕಡಿಮೆ ಬೇಡವೇ ಬೇಡ. ಮೇಲೆ ಗಾಜಿನ ಮುಚ್ಚಳ. ಬಿಸಿ ಕೊಡುವ ಮ್ಯಾಟನ್ನು ತೊಟ್ಟಿಯ ಅಡಿಗೆ ಇಡದೆ, ಹಿಂದಿನ ಗಾಜಿಗೆ ಮರಳಿನ ಮಟ್ಟಕ್ಕಿಂತ ಮೇಲೆ ಅಂಟಿಸಿದೆ. ಅಡಿಗೆ ಇಟ್ಟರೆ ಹೂತುಕೊಂಡ ಏಡಿಗೆ ಕೆಳಗಿನಿಂದ ಕಾವು ತಾಗುತ್ತದೆ. ಒಳಗೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ತೇವ ತೋರಿಸುವ ಡಿಜಿಟಲ್ ಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ನೀರಿನ ಬಟ್ಟಲು ಎರಡು, ಒಂದು ಸಿಹಿನೀರು, ಇನ್ನೊಂದು ಉಪ್ಪುನೀರು. ಎರಡಕ್ಕೂ ಕ್ಲೋರಿನ್ ತೆಗೆದ ನೀರೇ ಆಗಬೇಕು. ಉಪ್ಪು ಅಡುಗೆಮನೆಯದಲ್ಲ, ಸಮುದ್ರದ ಮೀನು ಸಾಕುವವರು ಅಕ್ವೇರಿಯಮ್‌ಗೆ ಬಳಸುವಂಥದ್ದು. ಬಟ್ಟಲಲ್ಲಿ ಕಲ್ಲು ಇಡಿ, ಹತ್ತಿ ಹೊರಗೆ ಬರಲು. ಬಣ್ಣದ ಚಿಪ್ಪು ಬೇಡ, ಬಣ್ಣ ಕಿತ್ತು ಹೊಟ್ಟೆಗೆ ಹೋಗುತ್ತದೆ. ನಮ್ಮದು ಕೆರಿಬಿಯನ್ ಜಾತಿ, ಎಡಗೈ ದಪ್ಪ, ನೇರಳೆ ಬಣ್ಣ. ಆ ಕೈಯನ್ನೇ ಬಾಗಿಲ ಹಾಗೆ ಅಡ್ಡ ಇಟ್ಟುಕೊಳ್ಳುತ್ತದೆ. ಅದಕ್ಕೆ ದುಂಡು ಬಾಯಿಯ ಚಿಪ್ಪೇ ಇಷ್ಟ. ಬೇರೆ ಬೇರೆ ಅಳತೆಯವು ಏಳೆಂಟು ಇಟ್ಟಿದ್ದೇನೆ.

ಊಟ ಸುಲಭ. ಹಸಿ ತೆಂಗಿನಕಾಯಿ ತುರಿ ಹಾಕಿದ ರಾತ್ರಿ ತಟ್ಟೆ ಖಾಲಿ. ಒಣ ಸೀಗಡಿ, ಮಾವು, ಬೇಯಿಸಿದ ಮೊಟ್ಟೆ, ಅದರ ಚಿಪ್ಪಿನ ಪುಡಿ ಎಲ್ಲ ನಡೆಯುತ್ತದೆ. ಉಪ್ಪು, ಖಾರ, ಒಗ್ಗರಣೆ ತಾಗಿದ್ದು ಮಾತ್ರ ಬೇಡ.

ನವೆಂಬರ್‌ನಲ್ಲಿ ಈ ಏಡಿಯೂ ಮರಳಿಗಿಳಿಯಿತು. ಈ ಸಲ ಮುಟ್ಟಲಿಲ್ಲ. ದಿನಾ ಮುಚ್ಚಳ ತೆಗೆದು ಮೂಸುತ್ತಿದ್ದೆ. ಸತ್ತರೆ ಕೊಳೆತ ಮೀನಿನ ವಾಸನೆ ಬರುತ್ತದೆ. ವಾಸನೆ ಇಲ್ಲವೆಂದರೆ ಸುಮ್ನೆ ಬಿಡಬೇಕು. 71ನೇ ರಾತ್ರಿ ಗಾಜಿಗೆ ಏನೋ ಕೆರೆದ ಸದ್ದು. ಮಗಳನ್ನು ಎಬ್ಬಿಸಿದೆ. ನೇರಳೆ ಕೈ ಹೊಳೆಯುತ್ತಿತ್ತು, ಮೊದಲಿಗಿಂತ ದಪ್ಪವಾಗಿತ್ತು. ನೇರ ಉಪ್ಪುನೀರಿನ ಬಟ್ಟಲಿಗೆ ಹೋಗಿ ಕೂತಿತು.

ಜೊತೆಗೆ ಇನ್ನೊಂದು ಕೊಳ್ಳೋಣ ಅಂದಳು ಮಗಳು. ನಾನು ಒಪ್ಪಲಿಲ್ಲ. ಇವುಗಳ ಮರಿ ಬೆಳೆಯುವುದು ಸಮುದ್ರದಲ್ಲಿ, ಮನೆಯಲ್ಲಿ ಮರಿ ಮಾಡಿಸುವುದು ತೀರಾ ಕಷ್ಟ. ಹಾಗಾಗಿ ಅಂಗಡಿಯಲ್ಲಿ ಸಿಗುವುದು ಹೆಚ್ಚುಕಡಿಮೆ ಎಲ್ಲವೂ ಕಡಲ ದಂಡೆಯಿಂದ ಹಿಡಿದು ತಂದವು. ಸಾಕಲಾಗದೆ ಬಿಡುತ್ತಿದ್ದ ಒಂದು ಮನೆಯಿಂದ ಎರಡನ್ನು ತಂದುಕೊಂಡೆವು. ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕಬಲ್ಲ ಜೀವ ಇವು.

ಊರಿಗೆ ಹೋಗುವಾಗ ಏನು ಮಾಡ್ತೀರಿ ಅಂತ ಜಾಸ್ತಿ ಜನ ಕೇಳುತ್ತಾರೆ. ಮುಚ್ಚಳ ಗಟ್ಟಿಯಾಗಿದ್ದರೆ ತೇವ ನಿಲ್ಲುತ್ತದೆ. ಗೆಳತಿ ಎರಡು ದಿನಕ್ಕೊಮ್ಮೆ ಬಂದು ನೀರು, ಊಟ ಬದಲಿಸುತ್ತಾಳೆ. ಅವಳಿಗಾಗಿ ತೊಟ್ಟಿಯ ಮೇಲೆ ಮಗಳು ಚೀಟಿ ಅಂಟಿಸಿದ್ದಾಳೆ: "ಆಂಟಿ, ಯಾರೂ ಕಾಣಿಸದಿದ್ದರೂ ಮರಳು ಅಗೆಯಬೇಡಿ."