ಗಾಜಿಗೆ ತೂತು ಕೊರೆಯದೆ ಮೀನಿನ ತೊಟ್ಟಿಗೆ ಓವರ್‌ಫ್ಲೋ: ನನ್ನ ಅನುಭವ

ಮಾದಾಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಆ ರಾತ್ರಿ ಮೂರು ಗಂಟೆಗೆ ಅದು ಬಂದದ್ದೇ ನನಗೆ ಆಪತ್ತಾಯಿತು. ಪಂಪಿನ ಗುಂಯ್ ಸದ್ದಿಗೆ ಎಚ್ಚರಾಗಿ ಮಂಚದಿಂದ ಕಾಲು ಇಳಿಸಿದರೆ ನೀರು. ಟಾರ್ಚ್ ಬಿಟ್ಟು ನೋಡಿದೆ: ಮೀನಿನ ತೊಟ್ಟಿಯ ಅಂಚಿನಿಂದ ನೀರು ಸದ್ದಿಲ್ಲದೆ ಇಳಿದು ಕೆಂಪು ಸಿಮೆಂಟಿನ ನೆಲದ ಮೇಲೆ ಅಕ್ಕಿಮೂಟೆಯ ದಿಕ್ಕಿಗೆ ಹೊರಟಿತ್ತು. ಅಮ್ಮ ಎದ್ದು ಬಂದು, "ಹೊರಗೆ ಸುರಿಯೋದು ಸಾಲದು ಅಂತ ಒಳಗೂ ಬಿಟ್ಯಾ ಮಾರಾಯ?" ಅಂದರು. ಜುಲೈಯಲ್ಲಿ ನಮ್ಮಲ್ಲಿ ಒದ್ದೆ ನೆಲ ಒಣಗಲು ಎಷ್ಟು ದಿನ ಬೇಕೆಂದು ಕೊಡಗಿನವರಿಗೆ ಹೇಳಬೇಕಿಲ್ಲ.

ತೊಟ್ಟಿ 36 ಇಂಚು ಉದ್ದ, 15 ಅಗಲ, 18 ಎತ್ತರ. ತುಂಬಿದರೆ ಸುಮಾರು 160 ಲೀಟರ್. ಒಳಗೆ ನಾಲ್ಕು ಗೋಲ್ಡ್ ಫಿಶ್. ನಮ್ಮ ಚಳಿಗೆ ಹೀಟರ್ ಇಲ್ಲದೆ ಬದುಕುತ್ತವೆ, ಆದರೆ ತಿನ್ನುವುದೂ ಹೊಲಸು ಮಾಡುವುದೂ ವಿಪರೀತ. ಮಾಮೂಲಿ ಫಿಲ್ಟರ್ ಸಾಲದೆ ಸ್ಟ್ಯಾಂಡಿನ ಕೆಳಗೆ ಒಂದು ಸಂಪ್ ಇಟ್ಟೆ. ಸಂಪ್ ಅಂದರೆ ಅಂಗಳದ ನೀರಿನ ಸಂಪಲ್ಲ, ಸ್ಪಂಜು, ಕಲ್ಲು, ಪಂಪ್ ಎಲ್ಲ ಇರುವ ಇನ್ನೊಂದು ಚಿಕ್ಕ ತೊಟ್ಟಿ. ಕೆಳಗಿನಿಂದ ಮೇಲಕ್ಕೆ ಪಂಪ್ ಎತ್ತುತ್ತದೆ. ಮೇಲಿನಿಂದ ಕೆಳಕ್ಕೆ ಇಳಿಸುವುದೇ ಕಷ್ಟ, ಆ ಇಳಿಸುವ ದಾರಿಗೇ ಓವರ್‌ಫ್ಲೋ ಅನ್ನುವುದು. ಗಾಜಿಗೆ ತೂತು ಹಾಕಿಸೋಣವೆಂದರೆ ಗಾಜಿನಂಗಡಿಯವರು, "ಒಡೆದರೆ ನಾವು ಜವಾಬ್ದಾರರಲ್ಲ" ಎಂದು ಮೊದಲೇ ಕೈ ತೊಳೆದುಕೊಂಡರು. ಹಾಗಾಗಿ ತೋಟದಲ್ಲಿ ಡ್ರಮ್ಮಿನಿಂದ ನೀರೆಳೆಯುವಂತೆ ಹೋಸ್ ಪೈಪಿನ ಒಂದು ತುದಿ ತೊಟ್ಟಿಗೆ, ಇನ್ನೊಂದು ಸಂಪಿಗೆ ಬಿಟ್ಟು ಬಾಯಲ್ಲಿ ಎಳೆದೆ. ಎರಡು ದಿನ ಚೆನ್ನಾಗಿಯೇ ಓಡಿತು.

ಆಮೇಲೆ ಆದದ್ದು ಇಷ್ಟು. ಹೋಸಿನ ಬಾಯಿ ನೀರಿನೊಳಗೆ 2 ಇಂಚು ಕೆಳಗಿತ್ತು. ಕರೆಂಟ್ ಹೋದಾಗ ಆ 2 ಇಂಚು ನೀರು, ಅಂದರೆ ಸುಮಾರು 18 ಲೀಟರ್, ಸಂಪಿಗೆ ಇಳಿದು ಹೋಸ್ ಗಾಳಿ ಕುಡಿಯಿತು. ಕರೆಂಟ್ ಬಂದಾಗ ಪಂಪ್ ತನ್ನ ಕೆಲಸ ಮಾಡಿತು, ಹೋಸ್ ಮಾಡಲಿಲ್ಲ.

ಗಾಳಿಯ ಕಾಟ ನನಗೇನೂ ಹೊಸದಲ್ಲ. ನಮ್ಮ ಮನೆಗೆ ನೀರು ಬರುವುದೇ ಗುಡ್ಡದ ಮೇಲಿನ ತೊರೆಯಿಂದ, ಕಪ್ಪು ಪೈಪಿನಲ್ಲಿ. ದಾರಿಯಲ್ಲಿ ಪೈಪ್ ಎಲ್ಲಿ ದಿಬ್ಬ ಹತ್ತಿ ಇಳಿಯುತ್ತದೋ ಅಲ್ಲಿ ಗಾಳಿ ಕೂತು ನೀರು ನಿಲ್ಲುತ್ತದೆ. ಆ ಉಬ್ಬಿನಲ್ಲಿ ಸೂಜಿಯಷ್ಟು ತೂತು ಮಾಡಿದರೆ ಉಸ್ಸೆಂದು ಗಾಳಿ ಹೊರಟು ನೀರು ಬರುತ್ತದೆ. ಅದೇ ಬುದ್ಧಿಯನ್ನು ತೊಟ್ಟಿಯ ಅಂಚು ದಾಟುವ ಪೈಪಿಗೆ ಓಡಿಸಿದೆ. ತೂತು ಮಾಡಿದ ಕ್ಷಣಕ್ಕೇ ಸೈಫನ್, ಅಂದರೆ ಅಂಚು ಹತ್ತಿ ತಾನಾಗಿ ಕೆಳಗಿಳಿಯುವ ನೀರಿನ ಎಳೆತ, ಸತ್ತಿತು. ಯೋಚಿಸಿದರೆ ಸರಳ. ತೋಟದ ಉಬ್ಬು ತೊರೆಯ ಮಟ್ಟಕ್ಕಿಂತ ಕೆಳಗಿದೆ, ಒಳಗಿನ ನೀರು ಹೊರಕ್ಕೆ ಒತ್ತುತ್ತದೆ. ಇಲ್ಲಿನ ಉಬ್ಬು ನೀರಿನ ಮಟ್ಟಕ್ಕಿಂತ ಮೇಲಿದೆ, ಒಳಗೆ ಒತ್ತಡ ಕಡಿಮೆ. ತೂತು ಕಂಡರೆ ಗಾಳಿಯನ್ನು ಒಳಕ್ಕೇ ಎಳೆಯುತ್ತದೆ.

ಹಾಗಾದರೆ ಪಂಪ್ ನಿಂತಾಗಲೂ ಉಬ್ಬಿನ ಎರಡೂ ಬದಿ ನೀರು ತುಂಬಿಯೇ ಇರಬೇಕು. ಒಂದಿಂಚಿನ ಪಿವಿಸಿ ಪೈಪ್, ತಿರುವಿಗೆ ಎಲ್ಬೋ, ಮೂರು ಬಾಯಿಯ ಒಂದು ಟೀ ಜಾಯಿಂಟ್ ತಂದೆ. ತೊಟ್ಟಿಯೊಳಗೆ ನೆಟ್ಟಗೆ ನಿಂತ ಪೈಪ್, ಅದರ ಮೇಲ್ಬಾಯಿ ತೆರೆದಿದೆ. ಹ್ಯಾಕ್ಸಾ ಬ್ಲೇಡಿನಿಂದ ಬಾಚಣಿಗೆಯ ಹಲ್ಲಿನಂತೆ ಸೀಳಿದ್ದೇನೆ, ಎಲೆ ಗಿಲೆ ಒಳಹೋಗದಂತೆ. ನೀರು ಈ ಬಾಯಿಗೆ ಉಕ್ಕಿ ಬೀಳುತ್ತದೆ. ಪೈಪ್ 8 ಇಂಚು ಕೆಳಗಿಳಿದು, ಎರಡು ಎಲ್ಬೋದಲ್ಲಿ ತಿರುಗಿ ಮೇಲೆ ಹತ್ತಿ, ಅಂಚು ದಾಟಿ ಹೊರಗಿಳಿಯುತ್ತದೆ. ಹೊರಗೂ ಅದೇ ತರ ತಿರುಗಿ ಮೇಲೆ ಬಂದು ಟೀ ಸೇರುತ್ತದೆ. ಟೀಯ ಅಡ್ಡ ಬಾಯಿಯಿಂದ ನೀರು ಸಂಪಿಗೆ. ಟೀಯ ಮೇಲ್ಬಾಯಿ ತೆರೆದೇ ಇರಬೇಕು. ಮುಚ್ಚಿದರೆ ಕೆಳಗಿಳಿಯುವ ನೀರು ಹೊರಗಿನ ತಿರುವನ್ನೂ ಹೀರಿ ಖಾಲಿ ಮಾಡುತ್ತದೆ.

ಮಟ್ಟ ಗುರುತಿಸಲು ಗಾರೆ ಮೇಸ್ತ್ರಿಗಳ ನೀರಿನ ಟ್ಯೂಬ್ ಹಿಡಿದೆ. ಟೀಯ ಅಡ್ಡ ಬಾಯಿ ಒಳಗಿನ ಬಾಯಿಗಿಂತ ಕೆಳಗಿರಬೇಕು, ಒಳಗಿನ ತಿರುವಿಗಿಂತ ಬಹಳ ಮೇಲಿರಬೇಕು. ಮೊದಲು 1 ಇಂಚು ವ್ಯತ್ಯಾಸ ಇಟ್ಟೆ. ನೀರು ಸೋಮಾರಿಯಾಗಿ ಇಳಿಯಿತು, ತೊಟ್ಟಿ ಏರತೊಡಗಿತು. 3 ಇಂಚಿಗೆ ಇಳಿಸಿದ ಮೇಲೆ ಪಂಪಿನ ವೇಗಕ್ಕೆ ಸರಿಯಾಯಿತು. ನೀರು ಬಿರುಸಾದರೆ ಇನ್ನೊಂದು ಲಾಭ, ಚಿಕ್ಕ ಗುಳ್ಳೆಗಳನ್ನು ಅದೇ ಹೊತ್ತೊಯ್ಯುತ್ತದೆ.

ಆದರೂ ಎಲ್ಲವನ್ನೂ ಒಯ್ಯುವುದಿಲ್ಲ. ಬಾಯಿಗೆ ಬೀಳುವ ನೀರು ಗಾಳಿಯನ್ನೂ ಎಳೆದುಕೊಂಡು ಬರುತ್ತದೆ, ಅದು ಉಬ್ಬಿನಲ್ಲಿ ಹನಿಹನಿಯಾಗಿ ಸೇರುತ್ತದೆ. ಒಂಬತ್ತನೇ ದಿನ ಹರಿವು ಅರ್ಧಕ್ಕಿಳಿದದ್ದನ್ನು ಸದ್ದಿನಿಂದಲೇ ಗುರುತಿಸಿದೆ. ಇದಕ್ಕೆ ಉಪಾಯವಾಗಿ ಮೆಡಿಕಲ್ ಅಂಗಡಿಯಿಂದ ಹೊಸ ಡ್ರಿಪ್ ಸೆಟ್ ತಂದು, ಅದರ ಟ್ಯೂಬನ್ನು ಉಬ್ಬಿನ ನೆತ್ತಿಗೆ ಬಿಗಿಯಾಗಿ ತೂರಿಸಿ ಅಂಟಿನಿಂದ ಮೆತ್ತಿದೆ. ಮೊದಲ ಸಲ ಸಿರಿಂಜಿನಿಂದ ಎಳೆದರೆ ಪೈಪ್ ತುಂಬುತ್ತದೆ, ಬಾಯಿ ಹಾಕಬೇಕಿಲ್ಲ. ಗೋಲ್ಡ್ ಫಿಶ್ ನೀರಿನ ರುಚಿ ಒಮ್ಮೆ ನೋಡಿದವರು ಸಿರಿಂಜನ್ನೇ ಹುಡುಕುತ್ತಾರೆ. ಆಮೇಲೆ ಟ್ಯೂಬಿನ ತುದಿಯನ್ನು ತೊಟ್ಟಿಯೊಳಗೆ ನೀರು ತಿರುಗಿಸುವ ಚಿಕ್ಕ ಪಂಪಾದ ಪವರ್‌ಹೆಡ್‌ನ ಗಾಳಿ ಎಳೆಯುವ ಮೂತಿಗೆ ಸಿಕ್ಕಿಸಿದೆ. ಅದು ಸದಾ ಗಾಳಿ ಹೀರುತ್ತಿರುತ್ತದೆ. ಕರೆಂಟ್ ಹೋದರೆ? ಮೂತಿ ನೀರಿನಲ್ಲಿ ಮುಳುಗಿರುವುದರಿಂದ ಟ್ಯೂಬಿಗೆ ನೀರೇ ಹತ್ತುತ್ತದೆ, ಗಾಳಿಯಲ್ಲ. ಹಾಗಾಗಿ ಅದನ್ನು ಆಳಕ್ಕೇ ಕೂರಿಸಿ.

ನನಗೆ ತಡವಾಗಿ ತಿಳಿದದ್ದು ಜಾಯಿಂಟಿನ ವಿಷಯ. ನೀರು ಸೋರದ ಜಾಯಿಂಟ್ ಗಾಳಿ ಸೋರಬಹುದು. ಉಬ್ಬಿನ ಎಲ್ಬೋಗೆ ಸಾಲ್ವೆಂಟ್ (ಪಿವಿಸಿ ಅಂಟು) ಕಡಿಮೆ ಹಚ್ಚಿದ್ದೆ, ಹೊರಗೆ ಒಣಗಿಯೇ ಕಾಣುತ್ತಿತ್ತು, ಬೆಳಗಾದರೆ ಸೈಫನ್ ಇಲ್ಲ. ಕತ್ತರಿಸಿ ಮತ್ತೆ ಕೂಡಿಸಿ, ಮಳೆಗಾಲವೆಂದು ಎರಡು ದಿನ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ತೊಳೆದು ಹಾಕಿದೆ. ಪಂಪ್ ನಿಲ್ಲಿಸಿ ಇಡೀ ರಾತ್ರಿ ಬಿಟ್ಟು, ಬೆಳಿಗ್ಗೆ ಹಾಕಿದರೆ ತಾನಾಗಿ ಹರಿಯಬೇಕು. ಅಲ್ಲಿಯವರೆಗೆ ನಂಬಬೇಡಿ.

ನಂಬಿದ ಮೇಲೂ ಲೆಕ್ಕ ಇರಲಿ. ತೊಟ್ಟಿಯಲ್ಲಿ ನೀರಿನ ಮೇಲೆ ಒಂದೂಕಾಲು ಇಂಚು ಜಾಗವಿದೆ, ಅಂದರೆ 11 ಲೀಟರ್. ಸಂಪಿನಲ್ಲಿ ಪಂಪ್ ಇರುವ ಕೋಣೆಗೆ ಗಾಜಿನ ಅಡ್ಡಗೋಡೆ ಕೊಟ್ಟು, ಅದು ಎತ್ತಬಲ್ಲ ನೀರನ್ನು 10 ಲೀಟರಿಗೆ ಇಳಿಸಿದ್ದೇನೆ. ಸೈಫನ್ ಸತ್ತರೂ ನೆಲ ಒದ್ದೆಯಾಗದು. ಪಂಪಿನಿಂದ ಮೇಲೆ ಬರುವ ಪೈಪಿಗೆ ನೀರಿನ ಮಟ್ಟದ ತುಸು ಕೆಳಗೆ ಒಂದು ಸಣ್ಣ ತೂತೂ ಇದೆ, ಕರೆಂಟ್ ಹೋದಾಗ ನೀರು ಹಿಂದಕ್ಕೆ ಎಳೆಯದಂತೆ. ಇಲ್ಲಿ ತೂತು ಬೇಕು, ಅಲ್ಲಿ ಬೇಡ. ಪಾಚಿ ಕಟ್ಟಿದರೆ ಕಡ್ಡಿ ಹಾಕಿ ತೆಗೆಯುತ್ತೇನೆ.

ಆಗಸ್ಟಿನಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಮಗ್ಗಿನಲ್ಲಿ ನೀರು ಎತ್ತಿ ಹಾಕಿ ಮೀನಿಗೆ ಗಾಳಿ ಕೊಟ್ಟೆವು, ಆ ಕೆಲಸ ಅಮ್ಮನೂ ಮಾಡಿದರು. ಬಂದ ರಾತ್ರಿ ಪಂಪ್ ಗುಂಯ್ ಎಂದಿತು, ಪೈಪ್ ಹರಿಯಿತು, ಜೊತೆಗೆ ವಿಚಿತ್ರವಾಗಿ ಗೊರಗೊರ ಸದ್ದು. ಟಾರ್ಚ್ ಬಿಟ್ಟು ನೋಡಿದರೆ ಟೀಯ ತೆರೆದ ಬಾಯಲ್ಲಿ ಹೆಬ್ಬೆರಳಿನಷ್ಟು ಕಪ್ಪೆ ಕೂತಿದೆ. ಈಗ ಅಲ್ಲಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ.